ಒಂದು ಸೊನ್ನೆಯ ಅಂತರ

ಚಿತೆಗೂ ಚಿಂತೆಗೂ ಇರುವುದು ಒಂದು ಸೊನ್ನೆಯ ಅಂತರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಎಷ್ಟೋ ಸಲ ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಅದರ ಅರ್ಥ ತಿಳಿದದ್ದು ಮಾತ್ರ ಐವತ್ತು ದಾಟಿದ ಮೇಲೆ, ನಮ್ಮ ಮನೆಯವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗ.

ಗಾಬರಿಪಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಇವರು ವಾಕಿಂಗ್ ಮುಗಿಸಿ, ಊಟ ಮಾಡಿ ಹಾಯಾಗಿ ಮಲಗುತ್ತಿದ್ದರು. ನಿದ್ದೆ ಹೋದದ್ದು ನನಗೆ. ರಾತ್ರಿ ಮೂರು ನಾಲ್ಕು ಸಲ ಎದ್ದು, ಇವರ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡುತ್ತಿದ್ದೆ. ಒಮ್ಮೆ ಕಣ್ಣು ಬಿಟ್ಟು, "ಇದ್ದೀನಿ ಕಣೇ, ಮಲಕ್ಕೋ" ಎಂದರು. ಪಾಣಿಪತ್ ಕದನದ ಪಾಠದ ಮಧ್ಯೆ ನಾನು ಮಾತು ಮರೆತು ನಿಂತ ದಿನ, ಸಹೋದ್ಯೋಗಿಯೊಬ್ಬರು ಒತ್ತಾಯ ಮಾಡಿ ಆಪ್ತಸಮಾಲೋಚಕಿಯ ಬಳಿ ಕರೆದೊಯ್ದರು.

ಆಕೆ ನನ್ನ ಮಗಳ ವಯಸ್ಸಿನವಳು. ಧೈರ್ಯ ಹೇಳುತ್ತಾಳೆಂದುಕೊಂಡಿದ್ದೆ, ಹೇಳಲಿಲ್ಲ. "ಮೇಡಂ, 'ಮನೆ' ಅನ್ನೋ ಪದಾನ ಒಂದು ನಿಮಿಷ ಬೇಗ ಬೇಗ ಹೇಳ್ತಾ ಹೋಗಿ" ಎಂದಳು. ನಾಚಿಕೊಳ್ಳುತ್ತಲೇ ಹೇಳಿದೆ. ಸ್ವಲ್ಪ ಹೊತ್ತಿಗೆ ಗೋಡೆ, ಒಲೆ, ಸಾಲ, ಸಂಸಾರವೆಲ್ಲ ಕಳಚಿಬಿದ್ದು ಬರೀ ಸದ್ದು ಉಳಿಯಿತು. ನಗು ಬಂತು. "ನಿಮ್ಮ ಭಯ ಕೂಡ ಪದಗಳನ್ನೇ ಕಟ್ಟಿಕೊಂಡು ಬರುತ್ತೆ ಅಲ್ವಾ?" ಎಂದಳು.

ಚರಿತ್ರೆ ಪಾಠ ಮಾಡುವವಳಿಗೆ ಇದರ ಮೂಲ ತಿಳಿಯದೆ ಸಮಾಧಾನವಿಲ್ಲ. ಹುಡುಕಿ ಓದಿದೆ. ಒಂದೇ ಪದವನ್ನು ಹೇಳುತ್ತಾ ಹೋದರೆ ಅರ್ಥ ಆರಿಹೋಗುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಿಚ್ನರ್ 1915ರ ತಮ್ಮ ಮನಶ್ಶಾಸ್ತ್ರದ ಪಠ್ಯಪುಸ್ತಕದಲ್ಲೇ ಬರೆದಿದ್ದರು. ಅವರು ಕೊಟ್ಟ ಉದಾಹರಣೆಯೂ 'ಮನೆ'ಯೇ! ಈ ಮಹಾಶಯರು 1904ರಲ್ಲಿ ಕಟ್ಟಿದ ವಿದ್ವಾಂಸರ ಕೂಟಕ್ಕೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಆದರೆ ಅವರ ಕೈಕೆಳಗೆ ಮೊದಲು ಪಿಎಚ್.ಡಿ. ಪಡೆದವರು, 1894ರಲ್ಲಿ, ಮಾರ್ಗರೆಟ್ ವಾಷ್‌ಬರ್ನ್ ಎಂಬ ಹೆಣ್ಣುಮಗಳು.

ಟಿಚ್ನರ್ ಕಂಡದ್ದು ಒಂದು ಕುತೂಹಲ ಮಾತ್ರ. ಚಿಕಿತ್ಸೆಯ ದಾರಿ ತೆರೆದದ್ದು ಬಹಳ ತಡವಾಗಿ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ಖಿನ್ನತೆಯ ರೋಗಿಗಳ ತಲೆಗೆ ತಾವಾಗಿಯೇ ನುಗ್ಗುವ ಯೋಚನೆಗಳನ್ನು ಗಮನಿಸಿದರು. ಬಂದ ಯೋಚನೆಯೆಲ್ಲ ಸತ್ಯವಲ್ಲ, ಸ್ವಲ್ಪ ದೂರ ನಿಂತು ಅದನ್ನು ಪರೀಕ್ಷಿಸಬೇಕು ಎಂದು ಕಲಿಸಿದರು. ಸ್ಟೀವನ್ ಹೇಯ್ಸ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೂ ಮುಂದೆ ಹೋದರು. 1978ರಲ್ಲಿ ತಮ್ಮ ವಿಭಾಗದ ಸಭೆಯಲ್ಲೇ ದಿಢೀರನೆ ಭಯ ಮೆಟ್ಟಿಕೊಂಡು ಅವರಿಗೆ ಮಾತು ಹೊರಡಲಿಲ್ಲ. ಯೋಚನೆಯೊಡನೆ ವಾದಕ್ಕೆ ಇಳಿಯುವುದೇ ಬೇಡ, ಅದನ್ನು ಯೋಚನೆಯೆಂದು ಗುರುತಿಸಿದರೆ ಸಾಕು ಎಂಬುದು ಅವರು ಕಂಡುಕೊಂಡ ದಾರಿ. 1999ರಲ್ಲಿ ಅದು ಪುಸ್ತಕವಾಗಿ ಬಂತು.

ಇದರಲ್ಲೇನು ಹೊಸದು, ಸಾಕ್ಷಿಯಾಗಿ ನೋಡು ಎಂದು ನಮ್ಮವರು ಎಂದೋ ಹೇಳಿದ್ದಾರಲ್ಲ ಎಂದು ನೀವು ಕೇಳಬಹುದು. ನಿಜ. ಮುಂಡಕೋಪನಿಷತ್ತಿನಲ್ಲಿ ಹಣ್ಣು ತಿನ್ನುವ ಹಕ್ಕಿಯ ಪಕ್ಕದಲ್ಲೇ ಸುಮ್ಮನೆ ನೋಡುವ ಇನ್ನೊಂದು ಹಕ್ಕಿಯಿದೆ. ಆದರೆ ಅದು ಮೋಕ್ಷದ ಮಾತು. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಬೇಕಾದವಳಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ, ಒಂದು ರಾತ್ರಿಯ ನಿದ್ದೆ.

ಆ ಹುಡುಗಿ ನನಗೆ ಕಲಿಸಿದ್ದು ಇಷ್ಟೇ. 'ಇವರಿಗೇನೋ ಆಗಿಬಿಡುತ್ತೆ' ಎನ್ನುವ ಬದಲು, 'ಇವರಿಗೇನೋ ಆಗಿಬಿಡುತ್ತೆ ಅಂತ ಒಂದು ಯೋಚನೆ ಬಂದಿದೆ' ಎಂದುಕೊಳ್ಳುವುದು. 'ಅಂತ' ಎಂಬ ಎರಡಕ್ಷರಕ್ಕೆ ಇಷ್ಟು ಶಕ್ತಿಯಿದೆಯೆಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತಿರಲಿಲ್ಲ. ಭಯ ಹೋಗಲಿಲ್ಲ, ಎದೆಯ ಮೇಲೆ ಕೂತಿದ್ದದ್ದು ಇಳಿದು ಪಕ್ಕದಲ್ಲಿ ಕೂತಿತು. ಮಾತ್ರೆ, ತಪಾಸಣೆ ಯಾವುದನ್ನೂ ನಾನು ತಪ್ಪಿಸಿಲ್ಲ. ದೂರ ನಿಲ್ಲುವುದೆಂದರೆ ಕೈಬಿಡುವುದಲ್ಲ.

ಮೊನ್ನೆ ನಡುರಾತ್ರಿ ಮತ್ತೆ ಎಚ್ಚರವಾಯಿತು. ಯೋಚನೆ ಬಂದಿದೆ ಅಂದುಕೊಂಡು ಮಗ್ಗುಲಾದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಇವರು ಕೇಳಿದರು: "ರಾತ್ರಿ ನನ್ನ ಮೂಗು ಮುಟ್ಟಲಿಲ್ವಲ್ಲ, ಹುಷಾರಾಗಿದ್ದೀಯ ತಾನೆ?"