ಪವಾಡ

ಪತ್ರಿಕೆಗಳ ಕನ್ನಡದಲ್ಲಿ ‘ಪವಾಡ’ ಈಗ ಅಗ್ಗದ ಮಾತು. ಬಸ್ಸು ಹಳ್ಳಕ್ಕುರುಳಿ ಜನ ಬದುಕಿಕೊಂಡರೆ ‘ಪವಾಡಸದೃಶ ಪಾರು’. ಹಳೆಯ ಸ್ವಾಮಿಗಳೆಲ್ಲ ‘ಪವಾಡಪುರುಷರು’. ಈ ಬಳಕೆಯಲ್ಲಿ ಪವಾಡ ಎಂದರೆ ಎಂದೋ ಆಗಿಹೋದದ್ದು; ಕೇಳಿದವರು ಕೈಮುಗಿದರೆ ಸಾಕು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ಬಾಯಲ್ಲಿ ಈ ಮಾತಿನ ಬಾಳೇ ಬೇರೆ. ಅಲ್ಲಿ ಪವಾಡ ತಾನಾಗಿ ನಡೆಯುವುದಿಲ್ಲ. ಒಬ್ಬರು ಒಡ್ಡುತ್ತಾರೆ, ಇನ್ನೊಬ್ಬರು ಗೆಲ್ಲಬೇಕು. ಆ ಕತೆಯ ಒಂದೊಂದು ಭಾಗಕ್ಕೂ ‘ಸಾಲು’ ಎನ್ನುತ್ತಾರೆ; ಹಲಗೂರಿನ ಕಮ್ಮಾರರಾದ ಪಾಂಚಾಳರ ಸಾಲನ್ನೇ ತೆಗೆದುಕೊಳ್ಳಿ. ಚಿಕ್ಕಲ್ಲೂರಿನಲ್ಲಿ ಗದ್ದುಗೆಯಾಗಿರುವ ಸಿದ್ದಪ್ಪಾಜಿ ಗುರು ಮಂಟೇಸ್ವಾಮಿಯ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗುತ್ತಾನೆ. ಅವನೂ ಆಚಾರಿಗಳ ಮನೆಯ ಮಗನೇ, ಹುಟ್ಟಿದಾಗಿನ ಹೆಸರು ಕೆಂಪಾಚಾರಿ. ಆದರೂ ಪಾಂಚಾಳರು ಸುಮ್ಮನೆ ಕೊಡುವುದಿಲ್ಲ. ನೀನು ಶರಣ ಅನ್ನುವುದಕ್ಕೆ ಗುರುತೇನು, ಪವಾಡ ಗೆದ್ದು ತೋರಿಸು ಎಂದು ವಿಷ ಮುಂದಿಡುತ್ತಾರೆ. ಕಬ್ಬಿಣವನ್ನು ಬೆಂಕಿಗಿಟ್ಟು ನೋಡಿಯೇ ನಂಬುವ ಕಸುಬಿನವರು ಬೇರೆ ಹೇಗೆ ಕೇಳಿಯಾರು?

ಕಲ್ಯಾಣದ ಸಾಲಿನಲ್ಲಿ ಪರೀಕ್ಷೆ ತಿರುವುಮುರುವು. ಅಲ್ಲಿ ಪರೀಕ್ಷಿಸುವವನು ಗುರುವೇ. ಹೇಸಿಗೆ ಹುಟ್ಟಿಸುವ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬಂದ ಮಂಟೇಸ್ವಾಮಿ ಒರೆಗೆ ಹಚ್ಚುವುದು ನಂಬದವರನ್ನಲ್ಲ, ನಂಬಿದ್ದೇವೆ ಎಂದು ಸಾರಿಕೊಂಡ ಶರಣರ ದಂಡನ್ನು. ಆ ಪರೀಕ್ಷೆಯಲ್ಲಿ ನಿಲ್ಲುವವರು ಬೆರಳೆಣಿಕೆಯಷ್ಟು.

ಇಷ್ಟರಿಂದಲೇ ನಮ್ಮ ಹಾಡುಗಾರರೆಲ್ಲ ವಿಚಾರವಾದಿಗಳಾಗಿದ್ದರು ಎಂದು ಬೀಗುವ ಹಾಗಿಲ್ಲ. ಹಾಡು ಕೇಳಲು ಕೂತವರಿಗೆ ಗೆಲುವು ಯಾರದೆಂದು ಮೊದಲೇ ಗೊತ್ತು. ಸಿದ್ದಪ್ಪಾಜಿ ವಿಷ ಅರಗಿಸಿಕೊಳ್ಳುತ್ತಾನೆ, ಹಲಗೂರು ಉರಿದುಹೋಗುತ್ತದೆ. ಪ್ರಶ್ನೆ ಕೇಳಲು ಕತೆ ಬಿಡುತ್ತದೆ. ಕೇಳಿದವರನ್ನು ಮಾತ್ರ ಬಿಡುವುದಿಲ್ಲ. ಸೋಲಲು ಸಾಧ್ಯವೇ ಇಲ್ಲದ ಪರೀಕ್ಷೆ ಪರೀಕ್ಷೆ ಹೇಗಾದೀತು?

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಹಿಡಿದದ್ದು ಇದೇ ಎಳೆಯನ್ನು. ಪವಾಡವೆಲ್ಲ ಸುಳ್ಳು ಎಂದು ಸಾರಿ ಅವರು ಸುಮ್ಮನಾಗಲಿಲ್ಲ. ನಮ್ಮೆದುರು ಮಾಡಿ ತೋರಿಸಿ ಎಂದು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ವಿಭೂತಿ, ಉಂಗುರ ಬೇಡ, ಅಂಗಿಯ ತೋಳಿನಲ್ಲಿ ಅಡಗದ ಕುಂಬಳಕಾಯಿ ಬರಿಸಿ ಎಂಬ ಅವರ ಸವಾಲು ಮನೆಮಾತಾಯಿತು. ಉತ್ತರ ಬರಲಿಲ್ಲ. ಹಲಗೂರಿನವರ ಪ್ರಶ್ನೆಯೇ ಅದು. ಈ ಸಲ ಕೇಳಿದವರ ಊರು ಉರಿಯಲಿಲ್ಲ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ಸಣ್ಣದಲ್ಲ.

ಆಮೇಲೆ ಶಾಲೆಗಳಲ್ಲಿ ‘ಪವಾಡ ಬಯಲು’ ಕಾರ್ಯಕ್ರಮಗಳು ಬಂದವು. ನಾಲಿಗೆಯ ಮೇಲೆ ಕರ್ಪೂರ ಉರಿಸಿ, ಇದರಲ್ಲಿ ದೈವವಿಲ್ಲ ಮಕ್ಕಳೇ ಎಂದು ತಿಳಿಹೇಳುತ್ತಾರೆ. ಒಳ್ಳೆಯ ಕೆಲಸ. ಆದರೆ ವೇದಿಕೆಯವರು ಹೇಳಿದರೆಂದಷ್ಟೇ ಮಗು ಚಪ್ಪಾಳೆ ತಟ್ಟಿದರೆ, ಬದಲಾದದ್ದು ಹೇಳುವವರು ಮಾತ್ರ. ‘ನನ್ನ ಕೈಗೂ ಕೊಡಿ ಸಾರ್, ಮಾಡಿ ನೋಡ್ತೀನಿ’ ಎಂದ ಮಗುವಿಗೆ ಪಾಠ ಹತ್ತಿದೆ.

ಕೊಳ್ಳೇಗಾಲ ಸೀಮೆಯ ಹೋಟೆಲಿನ ಬೆಂಚಿಗೂ ‘ಪವಾಡ’ದ ಮಾತು ಇಳಿದಿದೆ. ಚುನಾವಣೆಗೆ ನಿಂತವರ ಆಶ್ವಾಸನೆ ಕೇಳಿದ ಹಿರಿಯರೊಬ್ಬರ ಮಾತು ಹೀಗಿರುತ್ತದೆ: ‘ಅದೇನ್ ಪವಾಡ ಮಾಡಾನೋ ಮಾಡ್ಲಿ ಬುಡು, ನಾನೂವೆ ನೋಡ್ತೀನಿ.’ ಅನುಮಾನ ಇದೆ, ಅವಕಾಶವೂ ಇದೆ; ತೀರ್ಪನ್ನು ಮಾತ್ರ ಅವರು ಬೇರೆಯವರ ಕೈಗೆ ಕೊಟ್ಟಿಲ್ಲ.