ಜೆಸ್ಟೋರ್

ವಿದ್ವತ್ಪತ್ರಿಕೆಗಳ ಹಳೆಯ ಸಂಪುಟಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಟ್ಟು ಓದಲು ಒದಗಿಸುವ ಅಮೆರಿಕದ ಗ್ರಂಥಭಂಡಾರ. ಲಾಭದ ಉದ್ದೇಶವಿಲ್ಲದ ಸಂಸ್ಥೆ. 'ಜರ್ನಲ್ ಸ್ಟೋರೇಜ್' ಎಂಬುದನ್ನು ಮೊಟಕುಗೊಳಿಸಿ ಇಟ್ಟ ಹೆಸರಿದು. ಹೆಸರೇ ಸೂಚಿಸುವಂತೆ ಇದು ಹುಟ್ಟಿದ್ದು ಜಾಗದ ತಾಪತ್ರಯದಿಂದ.

1990ರ ದಶಕದ ಆರಂಭದಲ್ಲಿ ಓಹಾಯೊದ ಡೆನಿಸನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಪಾಟುಗಳು ತುಂಬಿ, ಕಟ್ಟಡ ವಿಸ್ತರಿಸಬೇಕೆಂಬ ಬೇಡಿಕೆ ಬಂತು. ಅದರ ಆಡಳಿತ ಮಂಡಳಿಯಲ್ಲಿದ್ದ ವಿಲಿಯಂ ಬೋವೆನ್ ಆಗ ಮೆಲನ್ ಪ್ರತಿಷ್ಠಾನದ ಅಧ್ಯಕ್ಷರೂ ಆಗಿದ್ದರು. ಒಂದೇ ಪತ್ರಿಕೆಯ ಅದೇ ಸಂಪುಟಗಳಿಗೆ ಊರೂರಲ್ಲಿ ಗೋಡೆ ಕಟ್ಟುವ ಬದಲು ಎಲ್ಲರಿಗೂ ಒಂದು ಗಣಕ ಪ್ರತಿ ಸಾಲದೇ ಎಂಬುದು ಅವರ ಪ್ರಶ್ನೆ. ಮಿಷಿಗನ್ ವಿಶ್ವವಿದ್ಯಾಲಯದ ತಾಂತ್ರಿಕ ನೆರವಿನೊಂದಿಗೆ, ಇತಿಹಾಸ ಮತ್ತು ಅರ್ಥಶಾಸ್ತ್ರದ ಹತ್ತು ಪತ್ರಿಕೆಗಳಿಂದ ಕೆಲಸ ಶುರುವಾಯಿತು. 1995ರಲ್ಲಿ ಜೆಸ್ಟೋರ್ ಸ್ವತಂತ್ರ ಸಂಸ್ಥೆಯಾಯಿತು. ಹಳೆಯ ಸಂಚಿಕೆಗಳ ಆಯ್ಕೆ ಕಾಕತಾಳೀಯವಲ್ಲ. ವೈದ್ಯಶಾಸ್ತ್ರದಲ್ಲಿ ಹತ್ತು ವರ್ಷಕ್ಕೇ ಎಷ್ಟೋ ಪ್ರಬಂಧಗಳು ಹಳಸುತ್ತವೆ. ಇತಿಹಾಸಕಾರನಿಗೆ 1920ರ ಲೇಖನವೂ ನಿತ್ಯದ ಬಳಕೆಯದು.

ಪುಟವನ್ನು ಮುದ್ರಣದಲ್ಲಿದ್ದಂತೆಯೇ ಸ್ಕ್ಯಾನ್ ಮಾಡಿ ತೋರಿಸುವುದು ಇದರ ಕ್ರಮ. ಯಂತ್ರ ಓದಿ ತೆಗೆದ ಅಕ್ಷರಪಠ್ಯ ಚಿತ್ರದ ಹಿಂದೆ ಅಡಗಿರುತ್ತದೆ, ಹುಡುಕಾಟಕ್ಕೆ ಮಾತ್ರ. ಆ ಪಠ್ಯದಲ್ಲಿ ತಪ್ಪುಗಳಿದ್ದರೂ ಓದುಗನ ಕಣ್ಣಿಗೆ ಬೀಳುವುದು ಮೂಲ ಪುಟವೇ. ಹೀಗಾಗಿ ವಿದ್ವಾಂಸರು ಇಂದಿಗೂ ಸಂಪುಟ, ಪುಟಸಂಖ್ಯೆಗಳನ್ನೇ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಓದಿದ್ದು ಪರದೆಯ ಮೇಲೆ ಎಂದು ಬಹುಮಂದಿ ಹೇಳುವುದೇ ಇಲ್ಲ. ನಿಜವಾಗಿ ಬದಲಾದದ್ದು ಹುಡುಕುವ ಬಗೆ. ಸೂಚಿಯಲ್ಲಿ ಹೆಸರಿಲ್ಲದ ಹಳ್ಳಿಯೊಂದು ಯಾವುದೋ ಲೇಖನದ ನಡುವೆ ಒಮ್ಮೆ ಬಂದಿದ್ದರೂ ಈಗ ಸಿಗುತ್ತದೆ. ಆದರೆ ಪಕ್ಕದ ಲೇಖನದ ಮೇಲೆ ಅಕಸ್ಮಾತ್ ಕಣ್ಣು ಬೀಳುವ ಸುಖ ಕಡಿಮೆಯಾಯಿತು.

ಹೊಸ ಸಂಚಿಕೆಗಳ ಚಂದಾ ಕುಸಿದೀತೆಂದು ಪ್ರಕಾಶಕರು ಅಂಜಿದ್ದರು. ಅದಕ್ಕೆ ಕಂಡುಕೊಂಡ ಉಪಾಯ 'ಸರಿಯುವ ಗೋಡೆ': ಸಾಮಾನ್ಯವಾಗಿ ಕಳೆದ ಮೂರರಿಂದ ಐದು ವರ್ಷಗಳ ಸಂಚಿಕೆಗಳು ಗೋಡೆಯ ಆಚೆಗಿರುತ್ತವೆ, ವರ್ಷಕ್ಕೊಮ್ಮೆ ಗೋಡೆ ಮುಂದೆ ಸರಿಯುತ್ತದೆ. 2009ರಲ್ಲಿ ಸಂಸ್ಥೆ ಇಥಾಕಾ ಎಂಬ ಇನ್ನೊಂದು ಲಾಭರಹಿತ ಸಂಸ್ಥೆಯೊಂದಿಗೆ ವಿಲೀನವಾಯಿತು. 2012ರಿಂದ ಪುಸ್ತಕಗಳೂ ಸೇರಿದವು.

ಕಪಾಟಿನ ಸಮಸ್ಯೆ ತೀರಿತು, ಬಾಗಿಲಿನ ಸಮಸ್ಯೆ ಎದ್ದಿತು. ಚಂದಾ ಕಟ್ಟುವ ಸಂಸ್ಥೆಗೆ ಸೇರದವರು ಹೊರಗೇ ಉಳಿದರು. ಎಂಐಟಿಯ ಜಾಲದ ಮೂಲಕ ಲಕ್ಷಗಟ್ಟಲೆ ಲೇಖನಗಳನ್ನು ಇಳಿಸಿಕೊಂಡ ಅಮೆರಿಕದ ಯುವ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಅವರನ್ನು 2011ರಲ್ಲಿ ಬಂಧಿಸಲಾಯಿತು. ಜೆಸ್ಟೋರ್ ಅವರೊಂದಿಗೆ ರಾಜಿ ಮಾಡಿಕೊಂಡರೂ ಸರ್ಕಾರದ ಮೊಕದ್ದಮೆ ನಿಲ್ಲಲಿಲ್ಲ. 2013ರ ಜನವರಿಯಲ್ಲಿ, 26ನೆಯ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು. ಈ ನಡುವೆ, 2011ರಲ್ಲಿ, 1923ಕ್ಕಿಂತ ಹಿಂದಿನ ಅಮೆರಿಕದ ಹಾಗೂ 1870ಕ್ಕಿಂತ ಹಿಂದಿನ ಇತರ ದೇಶಗಳ ಲೇಖನಗಳನ್ನು ಸಂಸ್ಥೆ ಎಲ್ಲರಿಗೂ ತೆರೆದಿತ್ತು. 2020ರಿಂದ ನೋಂದಾಯಿಸಿಕೊಂಡ ಯಾರೇ ಆಗಲಿ ತಿಂಗಳಿಗೆ 100 ಲೇಖನಗಳನ್ನು ಪರದೆಯ ಮೇಲೆ ಉಚಿತವಾಗಿ ಓದಬಹುದು.

ಭಾರತದ ವಿಶ್ವವಿದ್ಯಾಲಯಗಳಿಗೆ ಇದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಸಾಮೂಹಿಕ ಚಂದಾ ಮೂಲಕ ದೊರೆಯಿತು. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, ಸಾಹಿತ್ಯ ಅಕಾಡೆಮಿಯ ಇಂಡಿಯನ್ ಲಿಟರೇಚರ್, ಇಂಡಿಯನ್ ಹಿಸ್ಟರಿ ಕಾಂಗ್ರೆಸ್‌ನ ನಡಾವಳಿಗಳು ಇಲ್ಲಿವೆ. ಕರ್ನಾಟಕದ ಶಾಸನ, ದೇವಾಲಯಗಳ ಮೇಲೆ ಅಧಿವೇಶನಗಳಲ್ಲಿ ಓದಿದ ಪ್ರಬಂಧಗಳು ಈ ನಡಾವಳಿಗಳಲ್ಲಿ ಸಿಗುತ್ತವೆ, ಬಹುಪಾಲು ಇಂಗ್ಲಿಷಿನಲ್ಲಿ.