ಕೂದಲು ಬೆಳೆಯುವ ಹೊತ್ತು

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಹಗಲೆಲ್ಲ ಪ್ಲಾಸಿ ಕದನ, ಫ್ರೆಂಚ್ ಕ್ರಾಂತಿ ಎಂದು ಗಂಟಲು ಹರಿದುಕೊಂಡು, ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಮಗಳ ಲ್ಯಾಪ್‌ಟಾಪಿನ ಮುಂದೆ ಕೂತು ತೋಳಮನುಷ್ಯರ ಹಳೆಯ ಇಂಗ್ಲಿಷ್ ಸಿನಿಮಾ ನೋಡುತ್ತೇನೆಂದು ಹೇಳಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಕ್ಕಿಲ್ಲ. "ಅಮ್ಮಾ, ನಿನಗೆ ನೋಡ್ಲಿಕ್ಕೆ ಬೇರೆ ಏನೂ ಸಿಗ್ಲಿಲ್ವಾ?" ಎಂದು ಮಗಳೇ ಕೇಳುತ್ತಾಳೆ. ಸಿಗುತ್ತದೆ. ಆದರೂ ಇದನ್ನೇ ನೋಡುತ್ತೇನೆ.

ಈ ಚಟ ಹತ್ತಿದ್ದು ಕಾಲೇಜಿನ ದಿನಗಳಲ್ಲಿ, ಪಕ್ಕದ ಮನೆಯ ವಿಸಿಆರ್‌ನಿಂದ. ಅವರ ಸಂಬಂಧಿಕರು ಯಾರೋ ಕೊಲ್ಲಿ ದೇಶದಿಂದ ತಂದ ಕ್ಯಾಸೆಟ್ಟಿನಲ್ಲಿ ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಇತ್ತು. ಎಲ್ಲರೂ ಕುಣಿತ ನೋಡಲು ಬಂದಿದ್ದರು. ನಾನು ಮಾತ್ರ ಮೊದಲ ಐದು ನಿಮಿಷವನ್ನೇ ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ನೋಡಿದೆ. ಒಳ್ಳೆಯ ಹುಡುಗ, ಹುಡುಗಿಗೆ ಉಂಗುರ ತೊಡಿಸಿದ್ದಾನೆ. ಮೋಡ ಸರಿದು ಚಂದ್ರ ಕಂಡದ್ದೇ ತಡ, ಹೊಟ್ಟೆ ಹಿಡಿದುಕೊಂಡು ಬಗ್ಗುತ್ತಾನೆ, ಓಡಿಹೋಗು ಎಂದು ಹುಡುಗಿಗೆ ತಾನೇ ಹೇಳುತ್ತಾನೆ. ಆ ಓಡಿಹೋಗು ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಾರಣ ಆಮೇಲೆ ಹೇಳುತ್ತೇನೆ.

ಮನುಷ್ಯ ತೋಳನಾಗುವ ಕಥೆ ಯುರೋಪಿನಲ್ಲಿ ಬಹಳ ಹಳೆಯದು. 1589ರಲ್ಲಿ ಜರ್ಮನಿಯ ಬೆಡ್‌ಬರ್ಗ್ ಎಂಬಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ತೋಳನಾಗಿ ಕೊಲೆ ಮಾಡಿದನೆಂದು ಹಿಂಸಿಸಿ ಕೊಂದರು. ಅಂದರೆ ಕಥೆಗೆ ರಕ್ತವೂ ಹತ್ತಿದೆ. ಆದರೆ ಕಥೆ ಹೇಳುವವನಿಗೆ ಇಲ್ಲದ ಒಂದು ಕಷ್ಟ ಸಿನಿಮಾದವನಿಗೆ ಇದೆ. 'ಅವನು ತೋಳನಾದನು' ಎಂದು ಅಜ್ಜಿ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು. ಸಿನಿಮಾದವನು ಅದನ್ನು ಆಗಿಸಿ ತೋರಿಸಬೇಕು.

ಹಾಲಿವುಡ್ಡಿನ ಯೂನಿವರ್ಸಲ್ ಕಂಪೆನಿ 1935ರಲ್ಲಿ 'ವೇರ್‌ವುಲ್ಫ್ ಆಫ್ ಲಂಡನ್' ತೆಗೆದಾಗ ಈ ಕಷ್ಟಕ್ಕೆ ಒಂದು ಚೆಂದದ ಉಪಾಯ ಕಂಡುಕೊಂಡಿತು. ನಾಯಕ ಹೆನ್ರಿ ಹಲ್ ಕಂಬಗಳ ಸಾಲಿನ ಹಿಂದೆ ನಡೆದುಹೋಗುತ್ತಾನೆ. ಪ್ರತಿ ಕಂಬ ದಾಟಿ ಬರುವಾಗಲೂ ಮುಖದಲ್ಲಿ ಕೂದಲು ಇನ್ನಷ್ಟು. ಬೇರೆ ಬೇರೆ ವೇಷದಲ್ಲಿ ತೆಗೆದ ತುಂಡುಗಳ ಜೋಡಣೆಯನ್ನು ಕಂಬ ಮುಚ್ಚುತ್ತದೆ, ಅಷ್ಟೆ. ಕಂಬದಿಂದ ನರಸಿಂಹನನ್ನು ಹೊರಡಿಸಿದ ದೇಶದವಳಾದ ನನಗೆ ಇದು ಭಾರಿ ಇಷ್ಟವಾಯಿತು.

ನಿಜವಾಗಿ ಹೆಸರಾದದ್ದು 1941ರ 'ದಿ ವುಲ್ಫ್ ಮ್ಯಾನ್'. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು ವಾರ ಕಳೆಯುವುದರೊಳಗೆ ತೆರೆಗೆ ಬಂದ ಸಿನಿಮಾ ಇದು. ನಾಯಕ ಲ್ಯಾರಿ ಟಾಲ್ಬಟ್ ಆಗಿ ನಟಿಸಿದವನು ಲಾನ್ ಚೇನಿ ಜೂನಿಯರ್. ಮೂಕಿ ಚಿತ್ರಗಳ ಕಾಲದಲ್ಲಿ ಸಾವಿರ ಮುಖದವನೆಂದೇ ಬಿರುದಾಗಿದ್ದ, ತನ್ನ ವೇಷ ತಾನೇ ಕಟ್ಟಿಕೊಳ್ಳುತ್ತಿದ್ದ ಅಪ್ಪನ ಮಗ. ಮಗನಿಗೆ ವೇಷ ಕಟ್ಟಿದವನು ಗ್ರೀಸಿನಿಂದ ವಲಸೆ ಬಂದ ಜ್ಯಾಕ್ ಪಿಯರ್ಸ್. ಫ್ರಾಂಕೆನ್‌ಸ್ಟೈನನ ಭೂತಕ್ಕೆ ಮುಖ ಕೊಟ್ಟವನೂ ಇವನೇ. ಯಾಕ್ ಎಂಬ ಹಿಮಾಲಯದ ದನದ ಕೂದಲನ್ನು ಕುಚ್ಚು ಕುಚ್ಚಾಗಿ ಅಂಟು ಹಾಕಿ ಅಂಟಿಸುತ್ತ ಗಂಟೆಗಟ್ಟಲೆ ಕೂರಿಸುತ್ತಿದ್ದನಂತೆ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗುತ್ತಿರಲಿಲ್ಲ. ಆಗದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಗಂಟೆಗಟ್ಟಲೆ ಕೂರಿಸುವುದು ಎಂದರೇನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಚಿಕ್ಕಂದಿನಲ್ಲಿ ಆಟಕ್ಕೆ ಹೋದರೆ ಚಿಕ್ಕಪ್ಪ ನನ್ನನ್ನು ಮೊದಲು ಚೌಕಿಗೇ ಕರೆದುಕೊಂಡು ಹೋಗುತ್ತಿದ್ದರು. ಬಣ್ಣದ ವೇಷದವರು ಕನ್ನಡಿ ಹಿಡಿದು ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಚುಕ್ಕಿ ಚುಕ್ಕಿಯಾಗಿ ಮುಖಕ್ಕೆ ಇಡುತ್ತ ಹೋಗುವರು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. "ಬಣ್ಣ ಹಾಕುವುದನ್ನು ನೋಡಿದ್ರೆ ಆಮೇಲೆ ಹೆದರಿಕೆ ಆಗುದಿಲ್ಲ" ಎನ್ನುತ್ತಿದ್ದರು ಚಿಕ್ಕಪ್ಪ. ಸುಳ್ಳು. ನಡುರಾತ್ರಿ ಅದೇ ರಕ್ಕಸ ಅಬ್ಬರಿಸಿ ಬಂದಾಗ ನಾನು ಅವರ ಬೈರಾಸಿನೊಳಗೆ ಮುಖ ಹುಗಿಸುತ್ತಿದ್ದೆ. ಗುಟ್ಟು ಗೊತ್ತಿದ್ದೂ ಹೆದರುವುದೇ ಈ ಆಟದ ರುಚಿಯೆಂದು ಕಾಣುತ್ತದೆ.

1941ರ ಚಿತ್ರದಲ್ಲಿ ಲ್ಯಾರಿ ಮೊದಲ ಸಲ ಬದಲಾಗುವಾಗ ತೋರಿಸುವುದು ಅವನ ಕಾಲುಗಳನ್ನು ಮಾತ್ರ. ಮುಖದ ಮೇಲೆ ಕೂದಲು ಬೆಳೆಯುವುದನ್ನು ವಿವರವಾಗಿ ತೋರಿಸಿದ್ದು 1943ರ ಮುಂದಿನ ಚಿತ್ರದಲ್ಲಿ. ನಟ ತಲೆ ಅಲ್ಲಾಡಿಸದೆ ಮಲಗಬೇಕು. ಸ್ವಲ್ಪ ಕೂದಲು ಅಂಟಿಸಿ ಸ್ವಲ್ಪ ಫಿಲ್ಮು ಓಡಿಸುವುದು, ಮತ್ತೆ ಅಂಟಿಸುವುದು, ಮತ್ತೆ ಓಡಿಸುವುದು. ಒಂದು ಚಿತ್ರ ಕರಗುತ್ತಿದ್ದಂತೆ ಇನ್ನೊಂದು ಅದರ ಮೇಲೆ ಮೂಡುತ್ತದೆ. ಹುಣ್ಣಿಮೆ ಕಡ್ಡಾಯವಾದದ್ದೂ ಆ ಎರಡನೆಯ ಚಿತ್ರದಿಂದಲೇ. ಮೊದಲನೆಯದರಲ್ಲಿ ಚಂದ್ರನ ಮುಖವೇ ಕಾಣುವುದಿಲ್ಲ.

ಎರಡಕ್ಕೂ ಕಥೆ ಬರೆದವನು ಕರ್ಟ್ ಸಿಯೋಡ್‌ಮಾಕ್, ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಓಡಿದ ಯಹೂದಿ. ಅವನ ಕಥೆಯಲ್ಲಿ ತೋಳಮನುಷ್ಯನಿಗೆ ಮುಂದೆ ಸಾಯಲಿರುವವರ ಅಂಗೈಯಲ್ಲಿ ನಕ್ಷತ್ರ ಕಾಣುತ್ತದೆ. ಬಟ್ಟೆಯ ಮೇಲೆ ನಕ್ಷತ್ರ ಹೊಲಿಸಿಕೊಂಡು ಸಾವಿಗೆ ನಡೆದ ತನ್ನ ಜನರ ನೆರಳು ಇದರಲ್ಲಿದೆಯೆಂದು ಅನೇಕರು ಓದಿದ್ದಾರೆ. ನಿನ್ನೆಯವರೆಗೆ ನಮಸ್ಕಾರ ಹೇಳುತ್ತಿದ್ದ ನೆರೆಯವನು ಒಂದು ಬೆಳಿಗ್ಗೆ ಬೇರೆಯೇ ಆಗುವುದನ್ನು ಕಂಡವನು ತೋಳನ ಕಥೆಯನ್ನು ಎಲ್ಲಿಂದ ಎರವಲು ತರಬೇಕು? ಚಿತ್ರದಲ್ಲಿ ಬರುವ ಪದ್ಯವನ್ನೂ ಅವನೇ ಕಟ್ಟಿದ್ದು. ಜನ ಅದನ್ನು ಪುರಾತನ ಜನಪದವೆಂದೇ ನಂಬಿದರು.

ಈಗ ಚಿಕ್ಕಪ್ಪನ ವಿಷಯ. ಅವರಿಗೆ ಆಗಾಗ 'ತಲೆ ಕೆಡುತ್ತಿತ್ತು'. ಅಮಾವಾಸ್ಯೆ ಹುಣ್ಣಿಮೆಗೆ ಕೆದರುತ್ತದೆಂದು ಮನೆಯವರ ನಂಬಿಕೆ. ಇಂಗ್ಲಿಷಿನಲ್ಲಿ ಹುಚ್ಚರಿಗೆ ಲ್ಯುನಾಟಿಕ್ ಎನ್ನುವ ಶಬ್ದವೂ ಚಂದ್ರನ ಲ್ಯಾಟಿನ್ ಹೆಸರಿನಿಂದಲೇ ಬಂದದ್ದು, ನಮ್ಮ ಅಜ್ಜಿ ಒಬ್ಬಳೇ ಕಟ್ಟಿದ ಕಥೆಯೇನಲ್ಲ. ಅದು ಶುರುವಾಗುವುದು ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದದ್ದು ಚಿಕ್ಕಪ್ಪನಿಗೇ. "ಮಕ್ಕಳನ್ನು ಒಳಗೆ ಕಳಿಸಿ" ಎಂದು ಹೇಳಿ ಚಾವಡಿಯ ಕಂಬದ ಬುಡದಲ್ಲಿ ಕೂತು ಎರಡೂ ಕೈ ಮುಂದೆ ಚಾಚುತ್ತಿದ್ದರು. ಅಜ್ಜ ಹಗ್ಗ ತರುತ್ತಿದ್ದರು. ಚರ್ಮ ಉಜ್ಜಬಾರದೆಂದು ಮೊದಲು ಮಣಿಕಟ್ಟಿಗೆ ಮೆತ್ತನೆಯ ಬೈರಾಸು ಸುತ್ತಿ, ಅದರ ಮೇಲೆ ಹಗ್ಗ. ಕಟ್ಟುವಾಗ ಅಪ್ಪ ಮಗ ಇಬ್ಬರೂ ಮಾತಾಡುತ್ತಿರಲಿಲ್ಲ.

'ದಿ ವುಲ್ಫ್ ಮ್ಯಾನ್' ಚಿತ್ರದ ಕೊನೆಯಲ್ಲಿ ಅಪ್ಪ ಸರ್ ಜಾನ್ ಮಗನನ್ನು ಕುರ್ಚಿಗೆ ಕಟ್ಟುತ್ತಾನೆ. ಎಲ್ಲವೂ ನಿನ್ನ ಮನಸ್ಸಿನ ಭ್ರಮೆ ಎನ್ನುತ್ತಾನೆ. ಬೆಳ್ಳಿ ಹಿಡಿಕೆಯ ಬೆತ್ತವನ್ನು ನಿನ್ನ ಜೊತೆಯಲ್ಲೇ ಇಟ್ಟುಕೋ ಎಂದು ಮಗ ಅಂಗಲಾಚುತ್ತಾನೆ. ಇಲ್ಲಿಗೆ ಬಂದಾಗ ನಾನು ಲ್ಯಾಪ್‌ಟಾಪ್ ನಿಲ್ಲಿಸಿ ನೀರು ಕುಡಿದು ಬಂದೆ.

1981 ಈ ಜಾತಿಯ ಸಿನಿಮಾಗಳ ಸುಗ್ಗಿಯ ವರ್ಷ. 'ದಿ ಹೌಲಿಂಗ್' ಚಿತ್ರದ ಕೆಲಸ ಹಿಡಿದಿದ್ದ ರಿಕ್ ಬೇಕರ್, ಜಾನ್ ಲ್ಯಾಂಡಿಸ್‌ಗೆ ಹಿಂದೆಯೇ ಕೊಟ್ಟ ಮಾತಿಗಾಗಿ ಅದನ್ನು ಶಿಷ್ಯ ರಾಬ್ ಬಾಟಿನ್‌ಗೆ ಒಪ್ಪಿಸಿ ಹೊರಟ. ಶಿಷ್ಯ ರಬ್ಬರ್ ಚರ್ಮದ ಅಡಿಯಲ್ಲಿ ಗಾಳಿಚೀಲ ಊದಿಸಿ ಮುಖ ಕುದಿಯುವಂತೆ ಮಾಡಿದ. ಗುರು 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಚಿತ್ರದಲ್ಲಿ ಕತ್ತಲೆಯನ್ನೇ ಬಿಟ್ಟುಕೊಟ್ಟ. ದೀಪ ಉರಿಯುವ ಸಾಧಾರಣ ಕೋಣೆ. ಹುಡುಗನ ಅಂಗೈ ಉದ್ದವಾಗುತ್ತದೆ, ಬೆನ್ನುಮೂಳೆ ಏಳುತ್ತದೆ, ಮೂತಿ ಮುಂದಕ್ಕೆ ಚಾಚುತ್ತದೆ. ಒಳಗೆ ಯಂತ್ರ, ಮೇಲೆ ರಬ್ಬರು. ಕೂದಲು ಬೆಳೆಯುವುದನ್ನು ತೋರಿಸಲು ಕೂದಲನ್ನು ರಬ್ಬರಿನೊಳಕ್ಕೆ ಎಳೆಯುತ್ತ ಚಿತ್ರಿಸಿ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ನೆಲದಲ್ಲಿ ತೂತು ಕೊರೆದು ನಟನ ಅರ್ಧ ದೇಹವನ್ನು ಅಡಗಿಸಿ, ಮುಂದೆ ಸುಳ್ಳು ತೋಳದ ಮೈ ಇಟ್ಟರು. ಮೇಕಪ್ಪಿಗೆಂದು ಪ್ರತಿವರ್ಷ ಆಸ್ಕರ್ ಕೊಡುವ ಪದ್ಧತಿ ಶುರುವಾದದ್ದೇ ಆ ಸಲ. ಮೊದಲನೆಯದು ಬೇಕರನಿಗೆ ಹೋಯಿತು. 'ಥ್ರಿಲ್ಲರ್' ಮಾಡಿದ್ದೂ ಇದೇ ಲ್ಯಾಂಡಿಸ್, ಇದೇ ಬೇಕರ್.

ಬೇಕರ್ ಕಂಡದ್ದು ನೋವನ್ನು. ಅಲ್ಲಿಯವರೆಗಿನ ತೋಳರು ಸುಮ್ಮನೆ ಮಲಗಿ ಕೂದಲು ಬೆಳೆಸಿಕೊಳ್ಳುತ್ತಿದ್ದರು. ಈ ಹುಡುಗ ಕಿರುಚುತ್ತಾನೆ, ಸಹಾಯಕ್ಕೆ ಕರೆಯುತ್ತಾನೆ. 1992ರಲ್ಲಿ ಮಹೇಶ್ ಭಟ್ ಇದೇ ಕಥೆಯನ್ನು ಹುಲಿಗೆ ಒಗ್ಗಿಸಿ 'ಜುನೂನ್' ತೆಗೆದರು. ನೋಡಿದೆ. ಹೆಚ್ಚು ಹೇಳುವುದಕ್ಕೇನಿಲ್ಲ. 2010ರಲ್ಲಿ ಹಳೆಯ 'ವುಲ್ಫ್ ಮ್ಯಾನ್' ಹೊಸದಾಗಿ ಬಂತು. ವೇಷಕ್ಕೆ ಬೇಕರನಿಗೆ ಮತ್ತೆ ಆಸ್ಕರ್ ಸಿಕ್ಕಿತು. ಬದಲಾಗುವ ದೃಶ್ಯವನ್ನು ಮಾತ್ರ ಕಂಪ್ಯೂಟರಿಗೆ ಬಿಟ್ಟರು. ಎಲ್ಲವೂ ನುಣುಪು. ಅಂಟಿನ ಗುರುತಿಲ್ಲ, ಭಾರವಿಲ್ಲ. ನನಗೆ ಹೆದರಿಕೆಯೂ ಆಗಲಿಲ್ಲ.

ಚಿಕ್ಕಪ್ಪನನ್ನು ಕಡೆಗೊಮ್ಮೆ ಅತ್ತೆಯ ಗಂಡ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಮಾತ್ರೆ ಬಂತು, ಹಗ್ಗ ಅಟ್ಟ ಸೇರಿತು. ಚಂದ್ರನಿಗೂ ಇವರ ಕಾಯಿಲೆಗೂ ಸಂಬಂಧ ಕಟ್ಟಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅಜ್ಜಿ ಕೊನೆಯವರೆಗೂ ಒಪ್ಪಲಿಲ್ಲ. ಆಮೇಲೆ ಅವರು ಇಪ್ಪತ್ತು ವರ್ಷ ತೋಟ ನೋಡಿಕೊಂಡು ಬದುಕಿದರು.

1941ರ ಚಿತ್ರದಲ್ಲಿ ಮುಖ ಕರಗುವ ಉಪಾಯವನ್ನು ಒಂದೇ ಒಂದು ಕಡೆ ಬಳಸಿದ್ದಾರೆ, ಅದೂ ತಿರುಗುಮುರುಗಾಗಿ. ಅಪ್ಪನ ಪೆಟ್ಟಿಗೆ ಬಿದ್ದ ತೋಳನ ಕೂದಲು ಮೆಲ್ಲನೆ ಹಿಂದೆ ಸರಿದು ಮಗನ ಮುಖ ಕಾಣಿಸುತ್ತದೆ. ಅಪ್ಪ ಬೆತ್ತ ಹಿಡಿದುಕೊಂಡೇ ನೋಡುತ್ತಿರುತ್ತಾನೆ. ನಮ್ಮ ಚಾವಡಿಯಲ್ಲಿ ಬೆಳಗಾಗುವಾಗ ಅಜ್ಜ ಬೈರಾಸು ಬಿಚ್ಚಿ ಮಣಿಕಟ್ಟು ತಿಕ್ಕುತ್ತಿದ್ದರು. ಅಮ್ಮ ಗಂಜಿಯ ಬಟ್ಟಲು ಮುಂದಿಟ್ಟರೆ ಚಿಕ್ಕಪ್ಪ ಅದನ್ನು ಮುಟ್ಟದೆ ತಲೆ ತಗ್ಗಿಸಿ ಕೇಳುತ್ತಿದ್ದರು: "ಅತ್ತಿಗೆ, ರಾತ್ರಿ ನಾನು ಯಾರಿಗಾದ್ರೂ ಏನಾದ್ರೂ ಮಾಡಿದೆನಾ?"

"ಇಲ್ಲ ಮಾರಾಯ, ನೀನು ಉಣ್ಣು" ಎನ್ನುತ್ತಿದ್ದಳು ಅಮ್ಮ, ಸೆರಗನ್ನು ಮೊಣಕೈಯವರೆಗೆ ಹೊದ್ದುಕೊಂಡು.